ತೈಲದಿಂದ ಅನಿಲಕ್ಕೆ: ತಣ್ಣೀರುಬಾವಿಯ ತೇಲುವ ವಿದ್ಯುತ್ ಸ್ಥಾವರದ ಪಾಠ

ತರಗತಿ: 9 ಮತ್ತು 10
ವಿಷಯ: ರಸಾಯನಶಾಸ್ತ್ರ ಹಾಗೂ ಸಮಾಜವಿಜ್ಞಾನ (ಇಬ್ಬರು ಅಧ್ಯಾಪಕರು ಸೇರಿ ನಡೆಸಬಹುದಾದ ಪಾಠ)
ಅವಧಿ: 4 ಪಿರಿಯಡುಗಳು

ಪಾಠದ ಆಶಯ

'ನೈಸರ್ಗಿಕ ಅನಿಲವು ಶುದ್ಧ ಇಂಧನ' ಎಂಬ ವಾಕ್ಯವನ್ನು ನಮ್ಮ ವಿದ್ಯಾರ್ಥಿಗಳು ಸುಲಭವಾಗಿ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ದೊರೆಯುತ್ತದೆ. ಆದರೆ ಯಾವುದಕ್ಕಿಂತ ಶುದ್ಧ, ಎಷ್ಟು ಶುದ್ಧ, ಅದು ನಮ್ಮಲ್ಲಿಗೆ ಬರುವ ದಾರಿ ಯಾವುದು ಎಂದು ಕೇಳಿದರೆ ಉತ್ತರ ಅಲ್ಲಿಗೆ ನಿಂತುಬಿಡುತ್ತದೆ. ಕಾಸರಗೋಡಿನ ಮಕ್ಕಳಿಗಂತೂ ಇದು ದೂರದ ವಿಷಯವಲ್ಲ. ಕೊಚ್ಚಿಯಿಂದ ಮಂಗಳೂರಿಗೆ ಹೋಗುವ ಅನಿಲದ ಕೊಳವೆ ಅವರ ಜಿಲ್ಲೆಯ ನೆಲದಡಿಯಲ್ಲೇ ಸಾಗಿದೆ. ಕೆಲವರ ಮನೆಯ ತೋಟದ ಅಂಚಿನಲ್ಲಿಯೇ ಅದರ ಗುರುತಿನ ಕಂಬಗಳು ನಿಂತಿವೆ.

ವಿದ್ಯುತ್ ಸ್ಥಾವರವೊಂದು ತೈಲವನ್ನು ಬಿಟ್ಟು ಅನಿಲಕ್ಕೆ ಬದಲಾದ ಒಂದು ನೈಜ ಪ್ರಸಂಗವನ್ನು ಇಲ್ಲಿ ಪಾಠದ ವಸ್ತುವಾಗಿ ಎತ್ತಿಕೊಳ್ಳಲಾಗಿದೆ. ಈ ಪ್ರಸಂಗದ ಮೂಲಕ ಮಗುವಿನ ಮನಸ್ಸಿನಲ್ಲಿ ಉಳಿಯಬೇಕಾದ ಮಾತು ಒಂದೇ: ಇಂಧನ ಬದಲಾದಾಗ ಹೊಗೆ ಬದಲಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ಆ ಸ್ಥಾವರ ಯಾರನ್ನು ಮತ್ತು ಯಾವುದನ್ನು ನೆಚ್ಚಿಕೊಂಡಿದೆ ಎಂಬುದು ಬದಲಾಗುತ್ತದೆ. ಆದ್ದರಿಂದ ಪಾಠದುದ್ದಕ್ಕೂ ಮೂರು ಪ್ರಶ್ನೆಗಳು ಕರಿಹಲಗೆಯ ಮೇಲೆ ಅಳಿಸದೆ ಉಳಿಯಲಿ:

1. ಇಂಧನ ಎಲ್ಲಿಂದ ಬರುತ್ತದೆ?
2. ಯಾವ ದಾರಿಯಲ್ಲಿ ಬರುತ್ತದೆ?
3. ಅದರ ಬೆಲೆಯನ್ನು ಯಾರು ತೆರುತ್ತಾರೆ?

ಪಾಠದ ವಸ್ತು: ನದಿಯ ಮೇಲೆ ನಿಂತ ಸ್ಥಾವರ

ಮಂಗಳೂರಿನ ತಣ್ಣೀರುಬಾವಿಯು ಗುರುಪುರ ನದಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಇರುವ ಕಿರಿದಾದ ನೆಲ. 2001ರಲ್ಲಿ ಇಲ್ಲಿ 220 ಮೆಗಾವಾಟ್ ಸಾಮರ್ಥ್ಯದ ಒಂದು ವಿದ್ಯುತ್ ಸ್ಥಾವರ ಕೆಲಸ ಆರಂಭಿಸಿತು. ಜಿಎಂಆರ್ ಸಮೂಹಕ್ಕೆ ಸೇರಿದ ಈ ಸ್ಥಾವರದ ವಿಶೇಷವೆಂದರೆ ಅದರ ಯಂತ್ರಗಳು ನಿಂತಿದ್ದುದು ನೆಲದ ಮೇಲಲ್ಲ, ದೊಡ್ಡ ದೋಣಿಗಳಂತಿರುವ ಬಾರ್ಜುಗಳ ಮೇಲೆ. ಅಂದರೆ ಇಡೀ ಸ್ಥಾವರ ತೇಲುವಂಥದು. ಅದು ಉರಿಸುತ್ತಿದ್ದ ಇಂಧನ ನಾಫ್ತಾ.

ನಾಫ್ತಾ ಎಂದರೆ ಕಚ್ಚಾ ತೈಲವನ್ನು ಶುದ್ಧೀಕರಣ ಕಾರ್ಖಾನೆಯಲ್ಲಿ ಬಟ್ಟಿ ಇಳಿಸುವಾಗ ದೊರೆಯುವ ಹಗುರವಾದ ದ್ರವ. ಒಂದು ಅಣುವಿನಲ್ಲಿ ಸುಮಾರು ಐದರಿಂದ ಹನ್ನೆರಡು ಇಂಗಾಲದ ಪರಮಾಣುಗಳಿರುವ ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣವಿದು. ಪೆಟ್ರೋಲಿನ ಹತ್ತಿರದ ಬಂಧು ಎಂದು ಮಕ್ಕಳಿಗೆ ಹೇಳಬಹುದು.

ಆಗ ನಾಫ್ತಾವನ್ನೇ ಏಕೆ ಆರಿಸಿದರು? 1990ರ ದಶಕದಲ್ಲಿ ದೇಶದಲ್ಲಿ ವಿದ್ಯುತ್ತಿನ ಕೊರತೆ ತೀವ್ರವಾಗಿತ್ತು. ಕಲ್ಲಿದ್ದಲಿನ ಸ್ಥಾವರವನ್ನಾಗಲಿ ಅಣೆಕಟ್ಟನ್ನಾಗಲಿ ಕಟ್ಟಲು ಹಲವು ವರ್ಷಗಳು ಬೇಕು. ದ್ರವ ಇಂಧನದ ಸ್ಥಾವರವನ್ನು ಬೇಗನೆ ನಿಲ್ಲಿಸಬಹುದು. 1998ರಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರಲ್ಲಿಗೆ ಸುಮಾರು 12 ಡಾಲರಿಗೆ ಇಳಿದಿತ್ತು. ಆ ಬೆಲೆಯಲ್ಲಿ ನಾಫ್ತಾದಿಂದ ವಿದ್ಯುತ್ ತಯಾರಿಸುವುದು ವಿವೇಕದ ಮಾತಾಗಿಯೇ ಕಂಡಿತು. ಹತ್ತು ವರ್ಷ ಕಳೆದು 2008ರ ಜುಲೈ ತಿಂಗಳಿಗೆ ಬರುವಾಗ ಅದೇ ಬ್ಯಾರಲ್ಲಿನ ಬೆಲೆ 147 ಡಾಲರನ್ನು ಮುಟ್ಟಿತ್ತು. ತೈಲವನ್ನು ಉರಿಸಿ ತಯಾರಿಸಿದ ವಿದ್ಯುತ್ತು ಕೊಳ್ಳುವವರ ಕೈಗೆ ನಿಲುಕದಷ್ಟು ದುಬಾರಿಯಾಯಿತು. ಕರ್ನಾಟಕದೊಡನೆ ಈ ಸ್ಥಾವರಕ್ಕಿದ್ದ ಏಳು ವರ್ಷಗಳ ಮಾರಾಟದ ಒಪ್ಪಂದವೂ ಅದೇ 2008ರಲ್ಲಿ ಮುಗಿಯಿತು.

ಈಗ ಸ್ಥಾವರದ ಮುಂದೆ ಇದ್ದ ದಾರಿ ಒಂದೇ: ಅಗ್ಗದ ಇಂಧನ. ಬಂಗಾಳ ಕೊಲ್ಲಿಯಲ್ಲಿ, ಆಂಧ್ರದ ಕರಾವಳಿಯಾಚೆ ಕೃಷ್ಣಾ–ಗೋದಾವರಿ ನದೀಮುಖದ ಕಡಲಾಳದಲ್ಲಿ 2002ರಲ್ಲಿ ದೊಡ್ಡ ಅನಿಲ ನಿಕ್ಷೇಪ ಪತ್ತೆಯಾಗಿತ್ತು. 2009ರ ಏಪ್ರಿಲಿನಲ್ಲಿ ಅಲ್ಲಿಂದ ಅನಿಲ ಹರಿಯತೊಡಗಿತು. ಮಂಗಳೂರಿಗೆ ಅನಿಲದ ಕೊಳವೆ ಆಗ ಇರಲಿಲ್ಲ. ಅನಿಲವು ಸ್ಥಾವರವಿದ್ದಲ್ಲಿಗೆ ಬಾರದ ಕಾರಣ ಸ್ಥಾವರವೇ ಅನಿಲವಿದ್ದಲ್ಲಿಗೆ ಹೊರಟಿತು. ತೇಲುವ ಯಂತ್ರಗಳನ್ನು ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಯ ಕಾಕಿನಾಡಕ್ಕೆ ಸಾಗಿಸಿ, ಅನಿಲ ಉರಿಸುವಂತೆ ಮಾರ್ಪಡಿಸಿ, 2010ರಲ್ಲಿ ಅಲ್ಲಿ ಮತ್ತೆ ಚಾಲನೆಗೆ ತರಲಾಯಿತು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿ. 'ಮುಂದೇನಾಗಿರಬಹುದು?' ಎಂಬ ಪ್ರಶ್ನೆಗೆ ಮಕ್ಕಳು ತಮ್ಮ ಊಹೆಯನ್ನು ಒಂದೆರಡು ವಾಕ್ಯಗಳಲ್ಲಿ ಬರೆದಿಡಲಿ. ಆ ಚೀಟಿಗಳು ಮೂರನೆಯ ಪಿರಿಯಡಿನಲ್ಲಿ ಉಪಯೋಗಕ್ಕೆ ಬರುತ್ತವೆ.

ಯಂತ್ರದಲ್ಲಿ ಬದಲಾಗುವುದೇನು?

ಇಂಥ ಸ್ಥಾವರದ ಹೃದಯ ಗ್ಯಾಸ್ ಟರ್ಬೈನ್. ಹೆಸರಿನಲ್ಲಿ 'ಗ್ಯಾಸ್' ಇರುವುದರಿಂದ ಅದು ಅನಿಲವನ್ನೇ ಉರಿಸುತ್ತದೆಂದು ಮಕ್ಕಳು ಭಾವಿಸುವುದುಂಟು. ಆ ಹೆಸರು ಬಂದಿರುವುದು ಉರಿದ ಬಳಿಕ ಉಂಟಾಗುವ ಬಿಸಿ ಅನಿಲಗಳು ಚಕ್ರವನ್ನು ತಿರುಗಿಸುವುದರಿಂದ. ನಾಫ್ತಾವನ್ನು ಉರಿಸಿದರೂ ಅದು ಗ್ಯಾಸ್ ಟರ್ಬೈನೇ. ವಿಮಾನದ ಜೆಟ್ ಎಂಜಿನ್ನಿನ ತತ್ತ್ವವೂ ಇದೇ.

ಟರ್ಬೈನಿನಿಂದ ಹೊರಬರುವ ಹೊಗೆಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಅದನ್ನು ಹಾಗೆಯೇ ಗಾಳಿಗೆ ಬಿಡದೆ, ಅದರ ಬಿಸಿಯಿಂದ ನೀರನ್ನು ಉಗಿಯಾಗಿಸಿ ಇನ್ನೊಂದು ಟರ್ಬೈನನ್ನು ತಿರುಗಿಸುವ ಕ್ರಮಕ್ಕೆ ಸಂಯುಕ್ತ ಆವರ್ತ ಎನ್ನುತ್ತಾರೆ. ಒಂದೇ ಇಂಧನದಿಂದ ಎರಡು ಸಲ ಕೆಲಸ ತೆಗೆಯುವ ಈ ಉಪಾಯದಿಂದ ಇಂಧನದ ಶಾಖದಲ್ಲಿ ಅರ್ಧದಷ್ಟು, ಹೊಸ ಯಂತ್ರಗಳಲ್ಲಿ ಇನ್ನೂ ಹೆಚ್ಚು, ವಿದ್ಯುತ್ತಾಗಿ ದೊರೆಯುತ್ತದೆ. ಬಚ್ಚಲ ಒಲೆಯ ಒಂದೇ ಬೆಂಕಿಯಿಂದ ಸ್ನಾನದ ನೀರು ಕಾಯಿಸಿ, ಮೇಲಿನ ಅಟ್ಟದಲ್ಲಿ ಅದರ ಬಿಸಿಗೆ ತೆಂಗಿನಕಾಯಿಯನ್ನೂ ಒಣಗಿಸುವ ನಮ್ಮ ಮನೆಗಳ ರೂಢಿಯನ್ನು ಇಲ್ಲಿ ನೆನಪಿಸಬಹುದು. ಹೋಲಿಕೆ ಮಕ್ಕಳಿಗೆ ಕೂಡಲೇ ಹೊಳೆಯುತ್ತದೆ.

ನಾಫ್ತಾದಿಂದ ಅನಿಲಕ್ಕೆ ಬದಲಾಗುವಾಗ ಟರ್ಬೈನನ್ನೇ ಬದಲಿಸಬೇಕಾಗಿಲ್ಲ. ಇಂಧನವನ್ನು ಒಳಕ್ಕೆ ಚಿಮ್ಮಿಸುವ ಮೂತಿಗಳು, ಕವಾಟಗಳು, ನಿಯಂತ್ರಣದ ವ್ಯವಸ್ಥೆ ಬದಲಾಗುತ್ತವೆ. ದ್ರವ ಇಂಧನದ ದೊಡ್ಡ ತೊಟ್ಟಿಗಳೂ ಪಂಪುಗಳೂ ಬೇಕಾಗುವುದಿಲ್ಲ. ಅವುಗಳ ಜಾಗದಲ್ಲಿ ಒಂದು ಕೊಳವೆ ಬಂದು ಸೇರುತ್ತದೆ.

ಡೀಸೆಲ್ ಎಂಜಿನುಗಳ ಸ್ಥಾವರದಲ್ಲಿ ಮಾತ್ರ ಸಂಗತಿ ಬೇರೆ. ಬೆಂಗಳೂರಿನ ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಡೀಸೆಲ್ ಸ್ಥಾವರವಿದ್ದ ಆವರಣದಲ್ಲಿ 370 ಮೆಗಾವಾಟಿನ ಅನಿಲ ಸ್ಥಾವರವನ್ನು ಹೊಸದಾಗಿಯೇ ಕಟ್ಟಬೇಕಾಯಿತು. ಅದು 2024ರಲ್ಲಿ ಉದ್ಘಾಟನೆಗೊಂಡಿತು. ಹಳೆಯ ಯಂತ್ರವನ್ನು ಹೊಸ ಇಂಧನಕ್ಕೆ ಒಗ್ಗಿಸುವುದು ಒಂದು ಬಗೆ, ಹಳೆಯದನ್ನು ತೆಗೆದು ಹೊಸದನ್ನು ಕಟ್ಟುವುದು ಇನ್ನೊಂದು ಬಗೆ ಎಂಬ ಭೇದವನ್ನು ವಿದ್ಯಾರ್ಥಿಗಳು ಗುರುತಿಸಲಿ.

ಸುರಕ್ಷತೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ಮೀಥೇನಿನ ಅಣುತೂಕ 16, ಗಾಳಿಯ ಸರಾಸರಿ ಅಣುತೂಕ ಸುಮಾರು 29. ಆದ್ದರಿಂದ ಸೋರಿದ ನೈಸರ್ಗಿಕ ಅನಿಲ ಮೇಲಕ್ಕೇರುತ್ತದೆ. ನಾಫ್ತಾದ ಆವಿಯೂ ನಮ್ಮ ಶಾಲೆಯ ಅಡುಗೆಮನೆಯ ಸಿಲಿಂಡರಿನಲ್ಲಿರುವ ಪ್ರೋಪೇನ್ ಮತ್ತು ಬ್ಯೂಟೇನ್‌ಗಳೂ (ಅಣುತೂಕ 44 ಮತ್ತು 58) ಗಾಳಿಗಿಂತ ಭಾರ. ಅವು ನೆಲಮಟ್ಟದಲ್ಲಿ ತಂಗುತ್ತವೆ. ಸಿಲಿಂಡರಿನ ಅನಿಲವೂ ಕೊಳವೆಯ ಅನಿಲವೂ ಒಂದೇ ಎಂಬ ತಪ್ಪು ತಿಳಿವಳಿಕೆ ಬಹಳ ವ್ಯಾಪಕವಾಗಿದೆ. ಈ ಪಾಠದಲ್ಲಿ ಅದನ್ನು ನೇರವಾಗಿ ತಿದ್ದಿರಿ.

ಒಂದು ದಿನದ ಇಂಧನ: ತರಗತಿಯ ಲೆಕ್ಕ

220 ಮೆಗಾವಾಟ್ ಎಂಬ ಸಂಖ್ಯೆಯಿಂದ ಮಗುವಿಗೆ ಏನೂ ಗೋಚರಿಸುವುದಿಲ್ಲ. ಅದನ್ನು ಲೆಕ್ಕದ ಮೂಲಕ ಕಣ್ಣಿಗೆ ಕಾಣುವಂತೆ ಮಾಡೋಣ. ಸ್ಥಾವರ ಪೂರ್ಣ ಸಾಮರ್ಥ್ಯದಲ್ಲಿ 24 ಗಂಟೆ ನಡೆಯಿತೆಂದೂ ಅದರ ದಕ್ಷತೆ ಶೇಕಡಾ 50 ಎಂದೂ ಇಟ್ಟುಕೊಳ್ಳಿ.

ಮೊದಲನೆಯ ಹಂತ: 2,20,000 ಕಿಲೋವಾಟ್ × 24 ಗಂಟೆ = 52,80,000 ಯೂನಿಟ್ ವಿದ್ಯುತ್.

ಎರಡನೆಯ ಹಂತ: ದಕ್ಷತೆ ಅರ್ಧವಾದುದರಿಂದ ಬೇಕಾಗುವ ಶಾಖ ಇದರ ಎರಡರಷ್ಟು, ಅಂದರೆ 1,05,60,000 ಯೂನಿಟ್. ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್. ಒಟ್ಟು ಸುಮಾರು 3 ಕೋಟಿ 80 ಲಕ್ಷ ಮೆಗಾಜೂಲ್.

ಮೂರನೆಯ ಹಂತ: ಒಂದು ಕಿಲೋಗ್ರಾಂ ನಾಫ್ತಾದಿಂದ ಸುಮಾರು 45 ಮೆಗಾಜೂಲ್ ದೊರೆಯುತ್ತದೆ. ಹಾಗಾದರೆ ದಿನಕ್ಕೆ ಸುಮಾರು 845 ಟನ್ ನಾಫ್ತಾ ಬೇಕು. 12 ಟನ್ ಹಿಡಿಸುವ ಟ್ಯಾಂಕರ್ ಲಾರಿಗಳಲ್ಲಿ ತರುವುದಾದರೆ ಪ್ರತಿದಿನ ಸುಮಾರು 70 ಲಾರಿ.

ನಾಲ್ಕನೆಯ ಹಂತ: ಒಂದು ಘನ ಮೀಟರು ನೈಸರ್ಗಿಕ ಅನಿಲದಿಂದ ಸುಮಾರು 38 ಮೆಗಾಜೂಲ್. ಹಾಗಾದರೆ ದಿನಕ್ಕೆ ಸುಮಾರು 10 ಲಕ್ಷ ಘನ ಮೀಟರು ಅನಿಲ.

ಇಲ್ಲಿಗೆ ಎರಡನೆಯ ಪ್ರಶ್ನೆಯ ಕಡೆ ಮಕ್ಕಳ ಗಮನ ಸೆಳೆಯಿರಿ. 845 ಟನ್ ದ್ರವವನ್ನು ಹಡಗಿನಲ್ಲೋ ಲಾರಿಯಲ್ಲೋ ತಂದು ತೊಟ್ಟಿಯಲ್ಲಿ ಕೂಡಿಡಬಹುದು. ಒಬ್ಬ ಮಾರಾಟಗಾರ ಕೊಡದಿದ್ದರೆ ಇನ್ನೊಬ್ಬನಿಂದ ಕೊಳ್ಳಬಹುದು. 10 ಲಕ್ಷ ಘನ ಮೀಟರು ಅನಿಲವನ್ನು ಹಾಗೆ ಕೂಡಿಡಲಾಗದು. ಅದು ಗಳಿಗೆ ಗಳಿಗೆಗೂ ಕೊಳವೆಯಲ್ಲಿ ಹರಿದುಬರುತ್ತಿರಬೇಕು. ತೈಲದ ಸ್ಥಾವರ ಪೇಟೆಯನ್ನು ನೆಚ್ಚಿದರೆ ಅನಿಲದ ಸ್ಥಾವರ ಒಂದು ಕೊಳವೆಯನ್ನೂ ಅದರ ಆಚೆಗಿನ ಒಂದು ಬಾವಿಯನ್ನೂ ನೆಚ್ಚುತ್ತದೆ.

ಎಷ್ಟು ಶುದ್ಧ? ಅಳೆದು ಹೇಳುವುದು

ರಸಾಯನಶಾಸ್ತ್ರದ ಅಧ್ಯಾಪಕರಿಗೆ ಇಲ್ಲಿ ಒಳ್ಳೆಯ ಅವಕಾಶವಿದೆ. ನೈಸರ್ಗಿಕ ಅನಿಲದ ಮುಖ್ಯ ಅಂಶ ಮೀಥೇನ್. ಅದರ ಒಂದು ಅಣುವಿನಲ್ಲಿ ಒಂದು ಇಂಗಾಲ, ನಾಲ್ಕು ಹೈಡ್ರೋಜನ್. ನಾಫ್ತಾ ಮಿಶ್ರಣವಾದ್ದರಿಂದ ಅದರ ಪ್ರತಿನಿಧಿಯಾಗಿ ಆಕ್ಟೇನನ್ನು ತೆಗೆದುಕೊಳ್ಳೋಣ: ಎಂಟು ಇಂಗಾಲ, ಹದಿನೆಂಟು ಹೈಡ್ರೋಜನ್. ಎರಡರ ದಹನದ ಸಮೀಕರಣಗಳನ್ನೂ ವಿದ್ಯಾರ್ಥಿಗಳೇ ಸರಿದೂಗಿಸಲಿ. ಬಳಿಕ ಈ ಸಂಖ್ಯೆಗಳನ್ನು ಕೊಡಿ.

ಮೀಥೇನ್: 16 ಗ್ರಾಂ ಉರಿದರೆ 890 ಕಿಲೋಜೂಲ್ ಶಾಖ, 44 ಗ್ರಾಂ ಇಂಗಾಲದ ಡೈಆಕ್ಸೈಡ್.
ಆಕ್ಟೇನ್: 114 ಗ್ರಾಂ ಉರಿದರೆ ಸುಮಾರು 5,470 ಕಿಲೋಜೂಲ್ ಶಾಖ, 352 ಗ್ರಾಂ ಇಂಗಾಲದ ಡೈಆಕ್ಸೈಡ್.
ಶುದ್ಧ ಇಂಗಾಲ (ಕಲ್ಲಿದ್ದಲಿನ ಪ್ರತಿನಿಧಿ): 12 ಗ್ರಾಂ ಉರಿದರೆ 394 ಕಿಲೋಜೂಲ್ ಶಾಖ, 44 ಗ್ರಾಂ ಇಂಗಾಲದ ಡೈಆಕ್ಸೈಡ್.

ಪ್ರತಿ 1,000 ಕಿಲೋಜೂಲಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಎಂದು ಲೆಕ್ಕ ಹಾಕಿದರೆ ಮೀಥೇನಿಗೆ ಸುಮಾರು 49 ಗ್ರಾಂ, ಆಕ್ಟೇನಿಗೆ 64 ಗ್ರಾಂ, ಇಂಗಾಲಕ್ಕೆ 112 ಗ್ರಾಂ ಬರುತ್ತದೆ. ಕಲ್ಲಿದ್ದಲಿಗೆ ಹೋಲಿಸಿದರೆ ಅನಿಲ ಅರ್ಧಕ್ಕೂ ಕಡಿಮೆ. ನಾಫ್ತಾಕ್ಕೆ ಹೋಲಿಸಿದರೆ ಉಳಿತಾಯ ಸುಮಾರು ಕಾಲು ಭಾಗ ಮಾತ್ರ. 'ಶುದ್ಧ' ಎಂಬ ವಿಶೇಷಣದ ಅರ್ಥ ಯಾವುದರೊಡನೆ ಹೋಲಿಸುತ್ತೇವೆ ಎಂಬುದನ್ನು ಅವಲಂಬಿಸಿದೆ ಎಂದು ಇದರಿಂದ ಸ್ಪಷ್ಟವಾಗುತ್ತದೆ. ಗಂಧಕದ ಅಂಶ ಅನಿಲದಲ್ಲಿ ಬಹಳ ಕಡಿಮೆ, ಬೂದಿಯಂತೂ ಇಲ್ಲ. ಇವು ಅದರ ನಿಜವಾದ ಗುಣಗಳು. ಅವನ್ನೂ ಮಕ್ಕಳು ಬರೆದುಕೊಳ್ಳಲಿ.

10ನೆಯ ತರಗತಿಯ ಚುರುಕಾದ ಮಕ್ಕಳಿಗೆ ಇನ್ನೊಂದು ಹೆಜ್ಜೆ. ಉರಿಯದೆ ಸೋರಿದ ಮೀಥೇನ್, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡುತ್ತದೆ. 1,000 ಕಿಲೋಜೂಲ್ ಶಾಖಕ್ಕೆ ಬೇಕಾದ ಮೀಥೇನ್ 18 ಗ್ರಾಂ. ಆಕ್ಟೇನಿಗೆ ಹೋಲಿಸಿದಾಗಿನ ಉಳಿತಾಯ 15 ಗ್ರಾಂ ಇಂಗಾಲದ ಡೈಆಕ್ಸೈಡ್. 15ನ್ನು 28ರಿಂದ ಭಾಗಿಸಿದರೆ ಸುಮಾರು ಅರ್ಧ ಗ್ರಾಂ. ಅಂದರೆ ಬಾವಿಯಿಂದ ಬರ್ನರಿನವರೆಗಿನ ದಾರಿಯಲ್ಲಿ 18 ಗ್ರಾಮಿಗೆ ಅರ್ಧ ಗ್ರಾಂ, ಎಂದರೆ ಶೇಕಡಾ 3ರಷ್ಟು ಸೋರಿಹೋದರೆ ಈ ಲೆಕ್ಕದಲ್ಲಿ ಉಳಿತಾಯವೆಲ್ಲ ಕರಗಿಹೋಗುತ್ತದೆ. ಕೊಳವೆಯ ಬೆಸುಗೆಯನ್ನು ಅಷ್ಟು ಜಾಗರೂಕತೆಯಿಂದ ಪರೀಕ್ಷಿಸಲು ಅಪಘಾತದ ಭಯವೊಂದೇ ಕಾರಣವಾಗಬೇಕಿಲ್ಲ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಕಾಕಿನಾಡದಲ್ಲಿ ಆದದ್ದು

ಮಕ್ಕಳು ಬರೆದಿಟ್ಟ ಊಹೆಯ ಚೀಟಿಗಳನ್ನು ಈಗ ಓದಿಸಿ. ಅನೇಕರು 'ಸ್ಥಾವರ ಚೆನ್ನಾಗಿ ನಡೆಯಿತು' ಎಂದೇ ಬರೆದಿರುತ್ತಾರೆ.

ಆದುದು ಹೀಗೆ. ಕೃಷ್ಣಾ–ಗೋದಾವರಿ ಕಡಲಾಳದ ಆ ನಿಕ್ಷೇಪದಿಂದ 2010ರಲ್ಲಿ ದಿನಕ್ಕೆ 6 ಕೋಟಿ ಘನ ಮೀಟರಿನ ಆಸುಪಾಸಿನಲ್ಲಿ ಅನಿಲ ಬರುತ್ತಿತ್ತು. ಆ ಬಳಿಕ ಅದು ಎಲ್ಲರ ನಿರೀಕ್ಷೆಯನ್ನೂ ಮೀರಿ ಇಳಿಯತೊಡಗಿತು. 2013–14ರಲ್ಲಿ ದಿನಕ್ಕೆ ಒಂದೂವರೆ ಕೋಟಿ ಘನ ಮೀಟರೂ ಉಳಿಯಲಿಲ್ಲ. ಕೊರತೆಯಾದಾಗ ಯಾರಿಗೆ ಮೊದಲು ಕೊಡಬೇಕೆಂಬ ಸರಕಾರದ ಕ್ರಮದಲ್ಲಿ ರಸಗೊಬ್ಬರದ ಕಾರ್ಖಾನೆಗಳು ಮುಂದೆ, ವಿದ್ಯುತ್ ಸ್ಥಾವರಗಳು ಹಿಂದೆ. 2013ರ ಮಾರ್ಚಿನಿಂದ ವಿದ್ಯುತ್ ಸ್ಥಾವರಗಳಿಗೆ ಈ ನಿಕ್ಷೇಪದ ಅನಿಲ ನಿಂತೇಹೋಯಿತು. ಅದನ್ನೇ ನಂಬಿ ಕಟ್ಟಿದ್ದ ಆಂಧ್ರದ ಹಲವು ಸ್ಥಾವರಗಳೊಂದಿಗೆ, ಕಡಲು ಸುತ್ತಿ ಬಂದ ಈ ಸ್ಥಾವರವೂ ಸುಮ್ಮನೆ ನಿಂತಿತು. ಯಂತ್ರದಲ್ಲಿ ದೋಷವಿರಲಿಲ್ಲ, ಉರಿಸಲು ಅನಿಲವಿರಲಿಲ್ಲ.

ಇತ್ತ ಮಂಗಳೂರಿನಲ್ಲಿ ಏನಾಯಿತು? ಕೊಚ್ಚಿಯ ಪುದುವೈಪಿನಲ್ಲಿ 2013ರಲ್ಲಿ ದ್ರವೀಕೃತ ನೈಸರ್ಗಿಕ ಅನಿಲದ ಟರ್ಮಿನಲ್ ಆರಂಭವಾಯಿತು. ಅನಿಲವನ್ನು ಸೊನ್ನೆಗಿಂತ 162 ಡಿಗ್ರಿ ಕೆಳಕ್ಕೆ ತಣಿಸಿದರೆ ಅದು ದ್ರವವಾಗಿ, ಗಾತ್ರದಲ್ಲಿ ಸುಮಾರು ಆರುನೂರರಲ್ಲಿ ಒಂದು ಭಾಗಕ್ಕೆ ಕುಗ್ಗುತ್ತದೆ. ಹೀಗೆ ಕುಗ್ಗಿಸಿದುದನ್ನು ಹೊರದೇಶಗಳಿಂದ ಹಡಗಿನಲ್ಲಿ ತಂದು ಇಲ್ಲಿ ಮತ್ತೆ ಅನಿಲವಾಗಿಸುತ್ತಾರೆ. ಟರ್ಮಿನಲ್ ಸಿದ್ಧವಾದರೂ ಉತ್ತರಕ್ಕೆ ಸಾಗಿಸುವ ಕೊಳವೆ ಸಿದ್ಧವಾಗಿರಲಿಲ್ಲ. ಹಲವು ವರ್ಷ ಅದರ ಸಾಮರ್ಥ್ಯದ ಬಹುಪಾಲು ಉಪಯೋಗವಾಗದೆ ಉಳಿಯಿತು. ಗೇಲ್ ಸಂಸ್ಥೆಯ 450 ಕಿಲೋಮೀಟರು ಉದ್ದದ ಕೊಚ್ಚಿ–ಮಂಗಳೂರು ಕೊಳವೆ ಕೇರಳದ ಏಳು ಜಿಲ್ಲೆಗಳನ್ನು ದಾಟಿ, ಕೊನೆಯ ಕಠಿಣ ಘಟ್ಟವಾದ ಕಾಸರಗೋಡಿನ ಚಂದ್ರಗಿರಿ ನದಿಯ ತಳದಡಿಯಿಂದ ಹಾದು, 2021ರ ಜನವರಿ 5ರಂದು ಉದ್ಘಾಟನೆಗೊಂಡಿತು. ತಣ್ಣೀರುಬಾವಿಗೆ ಹತ್ತಿರದ ಪಣಂಬೂರಿನಲ್ಲಿರುವ ರಸಗೊಬ್ಬರ ಕಾರ್ಖಾನೆ ನಾಫ್ತಾವನ್ನು ಬಿಟ್ಟು ಅನಿಲಕ್ಕೆ ಬದಲಾದುದು ಈ ಕೊಳವೆಯಿಂದಲೇ.

ಕಾಲಾನುಕ್ರಮವನ್ನು ಕರಿಹಲಗೆಯ ಮೇಲೆ ಒಂದೇ ಸಾಲಿನಲ್ಲಿ ಬರೆಯಿರಿ: 2001 ಮಂಗಳೂರಿನಲ್ಲಿ ನಾಫ್ತಾ, 2010 ಕಾಕಿನಾಡದಲ್ಲಿ ಅನಿಲ, 2013 ಕಾಕಿನಾಡದಲ್ಲಿ ಅನಿಲವಿಲ್ಲ, 2021 ಮಂಗಳೂರಿನಲ್ಲಿ ಅನಿಲ. ಸ್ಥಾವರ ಯಾವ ಊರನ್ನು ಅನಿಲವಿಲ್ಲವೆಂದು ಬಿಟ್ಟು ಹೋಯಿತೋ ಆ ಊರಿಗೆ ಅನಿಲ ಬಂತು. ಯಾವ ಊರಿಗೆ ಅನಿಲವಿದೆಯೆಂದು ಹೋಯಿತೋ ಅಲ್ಲಿ ಅದು ಬತ್ತಿತು. 'ಹಾಗಾದರೆ ಸ್ಥಳಾಂತರ ಮಾಡಿದವರು ದಡ್ಡರೇ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲ. 2009ರಲ್ಲಿ ಅವರಿಗೆ ತಿಳಿದಿದ್ದ ಸಂಗತಿಗಳ ಮೇಲೆ ಆ ನಿರ್ಧಾರ ಸರಿಯಾಗಿಯೇ ಇತ್ತು. ಇಂಧನದ ವಿಷಯದಲ್ಲಿ ಇಪ್ಪತ್ತು ವರ್ಷ ಬಾಳುವ ಯಂತ್ರವನ್ನು ಐದು ವರ್ಷದ ಭರವಸೆಯ ಮೇಲೆ ನಿಲ್ಲಿಸಬೇಕಾಗುತ್ತದೆ. ಕಷ್ಟವಿರುವುದು ಅಲ್ಲಿ.

ಇದಕ್ಕೆ ಪೂರಕವಾಗಿ ನಮ್ಮದೇ ರಾಜ್ಯದ ಇನ್ನೊಂದು ಸ್ಥಾವರವನ್ನು ನೋಡಿ. ಆಲಪ್ಪುಳ ಜಿಲ್ಲೆಯ ಕಾಯಂಕುಳದಲ್ಲಿ ಎನ್‌ಟಿಪಿಸಿಯ ನಾಫ್ತಾ ಸ್ಥಾವರ 1998–99ರಲ್ಲಿ ಚಾಲನೆಗೆ ಬಂತು. ಎರಡು ಗ್ಯಾಸ್ ಟರ್ಬೈನುಗಳು (ತಲಾ 116.6 ಮೆಗಾವಾಟ್) ಮತ್ತು ಒಂದು ಉಗಿ ಟರ್ಬೈನು (126.38 ಮೆಗಾವಾಟ್). ಮೂರನ್ನೂ ಕೂಡಿಸಿದರೆ 359.58 ಮೆಗಾವಾಟ್. ಕೊಚ್ಚಿಯ ಟರ್ಮಿನಲ್ ಆರಂಭವಾದರೆ ಇಲ್ಲಿಗೂ ಅನಿಲ ಬರುತ್ತದೆಂಬ ನಿರೀಕ್ಷೆ ಬಹುಕಾಲ ಇತ್ತು. ಕೊಳವೆ ಬರಲಿಲ್ಲ. ನಾಫ್ತಾದ ವಿದ್ಯುತ್ತು ದುಬಾರಿಯಾದ್ದರಿಂದ ಸ್ಥಾವರ ವರ್ಷಗಟ್ಟಲೆ ಸುಮ್ಮನೆ ನಿಂತಿತು. ಒಪ್ಪಂದದ ಪ್ರಕಾರ, ವಿದ್ಯುತ್ತು ಪಡೆಯದಿದ್ದರೂ ನಿಗದಿತ ಶುಲ್ಕವನ್ನು ರಾಜ್ಯ ತೆರಬೇಕಾಗಿತ್ತು. ಮೂರನೆಯ ಪ್ರಶ್ನೆಗೆ ಇಲ್ಲಿ ಒಂದು ಉತ್ತರ ದೊರೆಯುತ್ತದೆ: ನಿಂತ ಸ್ಥಾವರಕ್ಕೂ ಬೆಲೆಯಿದೆ, ಅದು ಕೊನೆಗೆ ಬಂದು ಸೇರುವುದು ಮನೆಮನೆಯ ಬಿಲ್ಲಿಗೆ.

ನೆಲ ಕೊಟ್ಟವರ ಮಾತು

ಕೊಳವೆಯ ದಾರಿಯಲ್ಲಿ ಜಮೀನಿರುವ ಮನೆಗಳ ಮಕ್ಕಳು ನಿಮ್ಮ ತರಗತಿಯಲ್ಲಿರಬಹುದು. 1962ರ ಕೇಂದ್ರ ಕಾನೂನಿನಂತೆ ಕೊಳವೆ ಹಾದುಹೋಗುವ ನೆಲದ ಒಡೆತನ ರೈತನದೇ ಆಗಿ ಉಳಿಯುತ್ತದೆ, ಬಳಕೆಯ ಹಕ್ಕು ಮಾತ್ರ ಸಂಸ್ಥೆಗೆ ಸಲ್ಲುತ್ತದೆ. ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಹತ್ತು ಸೆಂಟ್ಸ್ ಜಾಗವಿರುವ ಕುಟುಂಬಕ್ಕೂ ಹತ್ತು ಎಕರೆ ತೋಟವಿರುವ ಕುಟುಂಬಕ್ಕೂ ಈ ನಿಯಮದ ಭಾರ ಒಂದೇ ಅಲ್ಲ. ಕೇರಳದಲ್ಲಿ ಇದರ ವಿರುದ್ಧ ಪ್ರತಿಭಟನೆಗಳು ನಡೆದುವು, ರಾಜ್ಯ ಸರಕಾರ ಪರಿಹಾರದ ಮೊತ್ತವನ್ನು ಹೆಚ್ಚಿಸಿತು. ಇನ್ನೊಂದು ಕಡೆ, ಕೊಳವೆಯಿಂದ ಕಾರ್ಖಾನೆಗಳಿಗೂ ಮನೆಗಳಿಗೂ ವಾಹನಗಳಿಗೂ ಅನಿಲ ದೊರೆಯುವಂತಾದುದು ಸತ್ಯ.

ಅಧ್ಯಾಪಕರು ಈ ಚರ್ಚೆಯಲ್ಲಿ ಯಾವ ಪಕ್ಷವನ್ನೂ ವಹಿಸಬೇಕಾಗಿಲ್ಲ. ನೆಲ ಕೊಟ್ಟ ಮನೆಯ ಮಗುವನ್ನು ಎಬ್ಬಿಸಿ ನಿಲ್ಲಿಸಿ 'ನಿಮಗೆಷ್ಟು ಪರಿಹಾರ ಸಿಕ್ಕಿತು?' ಎಂದು ಎಲ್ಲರೆದುರು ಕೇಳುವುದು ಉಚಿತವಲ್ಲ. ಮಗು ತಾನಾಗಿ ಹೇಳಿದರೆ ಗೌರವದಿಂದ ಕೇಳಿಸಿಕೊಳ್ಳಿ. ಹೇಳದಿದ್ದರೆ ಒತ್ತಾಯ ಬೇಡ.

ಪದಗಳ ವಿಚಾರ

ಗಡಿನಾಡಿನ ಮಗು ಇದೇ ವಿಷಯವನ್ನು ರಾಜ್ಯಭಾಷೆಯ ಪತ್ರಿಕೆಯಲ್ಲಿ, ಟಿ.ವಿ.ಯಲ್ಲಿ ಬೇರೆ ಹೆಸರಿನಿಂದ ಕೇಳಿರುತ್ತದೆ. ನಾವು 'ನೈಸರ್ಗಿಕ ಅನಿಲ' ಎನ್ನುವುದನ್ನು ಮಲಯಾಳದಲ್ಲಿ 'ಪ್ರಕೃತಿವಾತಕಂ', ತೆಲುಗಿನಲ್ಲಿ 'ಸಹಜ ವಾಯುವು', ಮರಾಠಿಯಲ್ಲಿ 'ನೈಸರ್ಗಿಕ ವಾಯೂ', ತಮಿಳಿನಲ್ಲಿ 'ಇಯರ್ಕೈ ಎರಿವಾಯು' ಎನ್ನುತ್ತಾರೆ. ಕನ್ನಡದಲ್ಲಿ 'ವಾಯು' ಎಂದರೆ ಸಾಮಾನ್ಯವಾಗಿ ಗಾಳಿ, 'ವಾತ' ಎಂದರೆ ಮೈಕೈ ನೋವು. ಆದ್ದರಿಂದ ಉತ್ತರಪತ್ರಿಕೆಯಲ್ಲಿ 'ಸಹಜ ವಾಯು' ಎಂದೋ 'ಪ್ರಕೃತಿ ವಾತಕ' ಎಂದೋ ಬರೆದ ಮಗು ವಿಷಯವನ್ನು ತಿಳಿಯದೆ ಬರೆದದ್ದಲ್ಲ. ಕೆಂಪು ಗೆರೆ ಎಳೆಯುವ ಬದಲು ಎರಡೂ ಪದಗಳನ್ನು ಅಕ್ಕಪಕ್ಕದಲ್ಲಿ ಬರೆಯಿಸಿ. 'ಎಣ್ಣೆ' ಮತ್ತು 'ತೈಲ' ಎಂಬ ಪದಗಳ ಬಗೆಗೂ ಹೀಗೆಯೇ. ಮನೆಮಾತಿನಲ್ಲಿ ಸೀಮೆಎಣ್ಣೆ, ಪಾಠದಲ್ಲಿ ಕಚ್ಚಾ ತೈಲ. ಎರಡೂ ಒಂದೇ ಮೂಲದವು ಎಂಬುದು ತಿಳಿದರೆ ಸಾಕು.

ಚಟುವಟಿಕೆಗಳು

1. ಭೂಪಟ: ಮಂಗಳೂರಿನಿಂದ ಕಾಕಿನಾಡಕ್ಕೆ ಸಮುದ್ರಮಾರ್ಗವನ್ನು ಗುರುತಿಸಿ. ಭಾರತಕ್ಕೂ ಶ್ರೀಲಂಕಾಕ್ಕೂ ನಡುವಣ ನೀರು ಆಳವಿಲ್ಲದ್ದು. ದೊಡ್ಡ ಹಡಗುಗಳು ಯಾವ ದಾರಿ ಹಿಡಿಯಬೇಕಾಗುತ್ತದೆ?

2. ಲೆಕ್ಕ: ಮೇಲಿನ ನಾಲ್ಕು ಹಂತಗಳನ್ನು ಕಾಯಂಕುಳದ 359.58 ಮೆಗಾವಾಟಿಗೆ ಅನ್ವಯಿಸಿ. ದಿನಕ್ಕೆ ಎಷ್ಟು ಟನ್ ನಾಫ್ತಾ? ಎಷ್ಟು ಲಾರಿ?

3. ಸಂದರ್ಶನ: ಮನೆಯಲ್ಲಿ ಕಟ್ಟಿಗೆ, ಸೀಮೆಎಣ್ಣೆ, ಸಿಲಿಂಡರ್ ಹೀಗೆ ಒಲೆಯ ಇಂಧನ ಬದಲಾದ ಬಗೆಯನ್ನು ಅಜ್ಜಿಯನ್ನೋ ಅಮ್ಮನನ್ನೋ ಕೇಳಿ ಬರೆಯಿರಿ. ಪ್ರತಿಯೊಂದಕ್ಕೂ ಕರಿಹಲಗೆಯ ಮೂರು ಪ್ರಶ್ನೆಗಳನ್ನು ಹಾಕಿ.

4. ನೆರೆಯ ಉದಾಹರಣೆ: ಬೇರೆ ರಾಜ್ಯಗಳ ಕನ್ನಡ ಶಾಲೆಗಳಲ್ಲಿ ಅಲ್ಲಿಯದೇ ಪ್ರಸಂಗವನ್ನು ಆರಿಸಿಕೊಳ್ಳಬಹುದು. ಮಹಾರಾಷ್ಟ್ರದಲ್ಲಿ, 1999ರಲ್ಲಿ ನಾಫ್ತಾದಿಂದ ಆರಂಭವಾಗಿ 2001ರಲ್ಲಿ ಮುಚ್ಚಿ, ಬಳಿಕ ರತ್ನಗಿರಿ ಗ್ಯಾಸ್ ಅಂಡ್ ಪವರ್ ಎಂಬ ಹೆಸರಿನಲ್ಲಿ ಅನಿಲಕ್ಕೆ ಬದಲಾದ ದಾಭೋಳದ ಸ್ಥಾವರ. ಗೋವೆಯಲ್ಲಿ ನಾಫ್ತಾದಿಂದ ಅನಿಲಕ್ಕೆ ಬಂದ ಜುವಾರಿ ರಸಗೊಬ್ಬರ ಕಾರ್ಖಾನೆ. ಹೊಸೂರಿನವರಿಗೆ ಅದೇ ಕೃಷ್ಣಗಿರಿ ಜಿಲ್ಲೆಯಲ್ಲಿ ಭಾರ ತೈಲದಿಂದ ನಡೆಯುವಂತೆ ಕಟ್ಟಿದ ಸಾಮಲ್‌ಪಟ್ಟಿಯ ಸ್ಥಾವರ. ಅಡೋಣಿ, ರಾಯದುರ್ಗದ ಕಡೆಯವರಿಗೆ ಕಾಕಿನಾಡದ ಕಥೆ ತಮ್ಮದೇ ರಾಜ್ಯದ್ದು.

ಮೌಲ್ಯಮಾಪನ

ಅ) ಗ್ಯಾಸ್ ಟರ್ಬೈನಿಗೆ ಆ ಹೆಸರು ಏಕೆ ಬಂತು? (2 ಅಂಕ)
ಆ) ಸೋರಿದ ಸಿಲಿಂಡರ್ ಅನಿಲ ಮತ್ತು ಸೋರಿದ ಕೊಳವೆಯ ಅನಿಲ, ಇವುಗಳ ವರ್ತನೆಯಲ್ಲಿ ಏನು ವ್ಯತ್ಯಾಸ? ಕಾರಣ ಕೊಡಿ. (3 ಅಂಕ)
ಇ) 'ನೈಸರ್ಗಿಕ ಅನಿಲವು ಶುದ್ಧ ಇಂಧನ.' ಈ ವಾಕ್ಯವನ್ನು ಸಂಖ್ಯೆಗಳ ಆಧಾರದಿಂದ ಪರಿಶೀಲಿಸಿ. (5 ಅಂಕ)
ಈ) ಕಾಕಿನಾಡದ ಸ್ಥಾವರವೂ ಕಾಯಂಕುಳದ ಸ್ಥಾವರವೂ ಸುಮ್ಮನೆ ನಿಂತುವು. ಕಾರಣಗಳು ಒಂದೇ ಆಗಿದ್ದುವೇ? (5 ಅಂಕ)

'ಇ' ಪ್ರಶ್ನೆಗೆ 'ಹೌದು' ಎಂದು ಬರೆದವರಿಗೂ 'ಅಲ್ಲ' ಎಂದು ಬರೆದವರಿಗೂ ಪೂರ್ಣ ಅಂಕ ದೊರೆಯಬಹುದು. ಯಾವುದರೊಡನೆ ಹೋಲಿಸಿದ್ದಾರೆ, ಲೆಕ್ಕ ಸರಿಯಿದೆಯೇ, ಸೋರಿಕೆಯನ್ನು ಗಮನಿಸಿದ್ದಾರೆಯೇ ಎಂಬುದನ್ನು ನೋಡಿ ಅಂಕ ಕೊಡಿ.

ಸಮಯವಿದ್ದರೆ ಕೊನೆಯಲ್ಲಿ ಇನ್ನೊಂದು ಸಂಗತಿಯನ್ನು ಹೇಳಿ. ಕಾಯಂಕುಳದ ಸ್ಥಾವರಕ್ಕೆ ಸೇರಿದ ಹಿನ್ನೀರಿನ ಮೇಲೆ 2022ರಲ್ಲಿ 92 ಮೆಗಾವಾಟಿನ ತೇಲುವ ಸೌರಫಲಕಗಳು ಕೆಲಸ ಆರಂಭಿಸಿದುವು. ನಾಫ್ತಾ ಬೇಡ, ಕೊಳವೆಯೂ ಬೇಡ. ಆದರೂ ಮಕ್ಕಳು ಅದೇ ಮೂರು ಪ್ರಶ್ನೆಗಳನ್ನು ಅದಕ್ಕೂ ಹಾಕಲಿ: ಫಲಕಗಳು ಎಲ್ಲಿಂದ ಬಂದುವು, ರಾತ್ರಿಯ ವಿದ್ಯುತ್ತು ಯಾವ ದಾರಿಯಲ್ಲಿ ಬರುತ್ತದೆ, ಆ ನೀರಿನಲ್ಲಿ ಮೀನು ಹಿಡಿಯುವವರಿಗೆ ಏನಾಗುತ್ತದೆ? ಹೇಳಿಕೊಡದೆ ಮಕ್ಕಳೇ ಈ ಪ್ರಶ್ನೆಗಳನ್ನು ಎತ್ತಿದರೆ ಪಾಠ ಮುಟ್ಟಿತೆಂದು ತಿಳಿಯಬಹುದು.